ತೂಗಾಡುವುದನ್ನು ತೂಗುವುದು

ಕನ್ನಡ ಪಾಠ ಹೇಳುವವನಿಗೂ ಆಂಪಿಯರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಛಂದಸ್ಸು ಹೇಳಿಕೊಡುವವನ ಕಸುಬೂ ಅಳತೆಯದೇ ಅಲ್ಲವೆ? ಕಂದಪದ್ಯದ ನಾಲ್ಕು ಸಾಲಿಗೂ ಕೂಡಿ 64 ಮಾತ್ರೆ. ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬ ಪ್ರತಿ ವರ್ಷವೂ ತರಗತಿಯಲ್ಲಿ ಇದ್ದೇ ಇರುತ್ತಾನೆ. ನಾಲ್ಕರಿಂದ ಭಾಗಿಸಿ, "ಸಾಲಿಗೆ 16 ಮಾತ್ರಿ, ಸರ" ಎಂದುಬಿಡುತ್ತಾನೆ. ಭಾಗಾಕಾರ ಸರಿ. ಆದರೆ 16 ಮಾತ್ರೆಯ ಸಾಲು ಕಂದದಲ್ಲಿ ಒಂದೂ ಇಲ್ಲ: ಒಂದನೆಯದೂ ಮೂರನೆಯದೂ 12, ಎರಡನೆಯದೂ ನಾಲ್ಕನೆಯದೂ 20. ಸರಾಸರಿಯನ್ನು ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂಬ ವಿವೇಕದ ಬೆಲೆ ನಮ್ಮ ಮನೆಯವರಿಗೆ ತಿಳಿದದ್ದು ಮಾತ್ರ ಪದ್ಯದಿಂದಲ್ಲ, ತಂದೆಯವರ ಉಸಿರಿನಿಂದ.

ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿರುವ ತಂದೆಯವರಿಗೆ ರಾತ್ರಿ ಹೊತ್ತು ಆಮ್ಲಜನಕದ ಯಂತ್ರ ಬೇಕು. ಕೋಣೆಯ ಗಾಳಿಯನ್ನೇ ಒತ್ತಿ ಹಿಡಿದು, ಅದರೊಳಗಿನ ನೈಟ್ರೋಜನ್ನನ್ನು ಸೋಸಿ ತೆಗೆದು, ಉಳಿದದ್ದನ್ನು ಕೊಳವೆಯಲ್ಲಿ ಮೂಗಿಗೆ ಕೊಡುವ ಪೆಟ್ಟಿಗೆ ಅದು. ಮೈಮೇಲೆ 350 ವ್ಯಾಟ್ ಎಂದು ಅಚ್ಚಾಗಿದೆ. ಹಿತ್ತಲಲ್ಲಿ ನಿಂತರೆ ದಿಣ್ಣೆಯ ಮೇಲೆ ಗಾಳಿಯಂತ್ರಗಳ ಸಾಲೇ ಕಾಣುತ್ತದೆ. ಆದರೂ ಕರೆಂಟು ಹೋಗುವುದು ಹೋಗುತ್ತದೆ. ಅದಕ್ಕಾಗಿ ಇನ್ವರ್ಟರ್ ಇರಿಸಿದೆವು. ಅದು ಎಷ್ಟು ತಾಸು ನಡೆದೀತು? ನಡುರಾತ್ರಿ ಗಾಡಿ ಹೊಂದಿಸಿಕೊಂಡು ಕೊಪ್ಪಳದ ದವಾಖಾನೆ ಮುಟ್ಟುವುದೆಂದರೆ ಸಣ್ಣ ಮಾತಲ್ಲ. ಯಾವಾಗ ಹೊರಡಬೇಕೆಂಬುದು ಈ ಒಂದು ಉತ್ತರದ ಮೇಲೆ ನಿಂತಿತ್ತು.

ಇನ್ವರ್ಟರ್ ಜೋಡಿಸಲು ಬಂದಾತ ಇಕ್ಕಳದಂಥ ಮೀಟರನ್ನು ತಂತಿಗೆ ಕಚ್ಚಿಸಿ, 1.1 ಆಂಪಿಯರ್ ಎಂದು ಓದಿದ. 230 ವೋಲ್ಟಿನಿಂದ ಗುಣಿಸಿದರೆ 250 ವ್ಯಾಟ್. ಬ್ಯಾಟರಿ 12 ವೋಲ್ಟಿನದು, 150 ಆಂಪಿಯರ್-ತಾಸಿನದು, 1800 ಆಯಿತಷ್ಟೆ. "ಏಳು ತಾಸು ಚಿಂತೀನ ಮಾಡಬ್ಯಾಡ್ರಿ" ಎಂದು ಹಣ ಎಣಿಸಿಕೊಂಡು ಹೊರಟುಹೋದ. 350 ಎಂದು ಬರೆದುಕೊಂಡ ಯಂತ್ರ 250ರಲ್ಲಿ ತೃಪ್ತಿಪಡುವುದೆಂದರೆ ಮನುಷ್ಯರಲ್ಲಿಯೂ ಕಾಣದ ಗುಣ. ಸಂಶಯ ಬಂದು, ಗಂಗಾವತಿಯ ಪರಿಚಿತ ಮೆಕ್ಯಾನಿಕರೊಬ್ಬರನ್ನು ಕರೆಸಿದೆ. ಅಲ್ಲಿಯ ಅಕ್ಕಿ ಗಿರಣಿಗಳ ಮೋಟಾರು ರಿಪೇರಿಯಲ್ಲಿಯೇ ತಲೆ ನರೆಸಿಕೊಂಡವರು ಅವರು.

"ಆ ಮೀಟರ್ ಸುಳ್ಳು ಹೇಳಿಲ್ರಿ ಸರ. ಅದಕ್ಕ ಒಂದ ನಮೂನಿ ಅಲಿ ಅಷ್ಟ ಗೊತ್ತು" ಎಂದರು ಅವರು.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಹರಿಯುವುದಕ್ಕಿಂತ ತೂಗಾಡುವುದೇ ಹೆಚ್ಚು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋದದ್ದು ಸೆಕೆಂಡಿಗೆ 25 ಸಲ ತೂಗಾಡುತ್ತಿತ್ತು. ಈಗ ನಮ್ಮ ಮುನಿರಾಬಾದಿನ ವಿದ್ಯುದಾಗಾರದಿಂದ ಹೊರಡುವುದು 50 ಸಲ. ಅತ್ತ ಹೋದಷ್ಟೇ ಇತ್ತ ಬರುವುದರಿಂದ ಇದರ ಸರಾಸರಿ ತೆಗೆದರೆ ಸೊನ್ನೆ. ಸೊನ್ನೆ ಎಂದು ನಂಬಿ ಯಾರೂ ತಂತಿ ಮುಟ್ಟುವುದಿಲ್ಲವಷ್ಟೆ! ಹೀಗಾಗಿ ವಿಜ್ಞಾನಿಗಳು ಶಾಖವನ್ನು ಸಾಕ್ಷಿಗೆ ಕರೆದರು. ಸ್ಥಿರವಾದ 230 ವೋಲ್ಟ್ ಒಂದು ತಂತಿಯನ್ನು ಎಷ್ಟು ಕಾಯಿಸುವುದೋ ಅಷ್ಟೇ ಕಾಯಿಸುವ ತೂಗಾಟಕ್ಕೂ 230 ಎಂದೇ ಹೆಸರು, ಅದರ ಶಿಖರ 325ಕ್ಕೆ ಮುಟ್ಟುತ್ತಿದ್ದರೂ. ಶಾಖ ಪ್ರವಾಹದ ವರ್ಗದ ಲೆಕ್ಕದಲ್ಲಿ ನಡೆಯುತ್ತದೆ: ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಆದ್ದರಿಂದ ಕ್ಷಣಕ್ಷಣದ ಬೆಲೆಯನ್ನು ವರ್ಗ ಮಾಡಿ, ಸರಾಸರಿ ಹಿಡಿದು, ಕೊನೆಗೆ ವರ್ಗಮೂಲ ತೆಗೆಯಬೇಕು.

ಅಗ್ಗದ ಮೀಟರಿಗೆ ಇಷ್ಟು ವ್ಯವಧಾನವಿಲ್ಲ. ಅದು ಇಳಿಜಾರಿನ ಅರ್ಧವನ್ನು ಮೇಲಕ್ಕೆ ಮಗುಚಿ, ಸಾದಾ ಸರಾಸರಿ ಹಿಡಿದು, 1.11ರಿಂದ ಗುಣಿಸಿ ತೋರಿಸುತ್ತದೆ. ನುಣುಪಾಗಿ ಏರಿ ಇಳಿಯುವ ಅಲೆಗೆ ಅದು ಸರಿಯಾದ ಉತ್ತರವೇ. ನಮ್ಮ ಇನ್ವರ್ಟರ್ ಹೊರಡಿಸುತ್ತಿದ್ದುದಾದರೋ ಮೆಟ್ಟಿಲಿನಂಥ ಅಲೆ: ಥಟ್ಟನೆ ಏರುತ್ತದೆ, ನಿಲ್ಲುತ್ತದೆ, ಬೀಳುತ್ತದೆ. ಪ್ರತಿ ಮೆಟ್ಟಿಲಿನ ಅಂಚಿಗೂ ಮೋಟಾರಿನ ಜೊತೆಗಿರುವ ಕೆಪಾಸಿಟರ್ ಒಂದು ದೊಡ್ಡ ಗುಟುಕು ಎಳೆದುಕೊಳ್ಳುತ್ತದೆ. ಈ ಚೂಪಾದ ಗುಟುಕುಗಳು ಸರಾಸರಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ವರ್ಗ ಮಾಡಿದಾಗ ತಲೆಯೆತ್ತುತ್ತವೆ. ಮೆಕ್ಯಾನಿಕರ ಮೀಟರು ವರ್ಗದ ಲೆಕ್ಕ ಬಲ್ಲದ್ದು. ಅದು 1.6 ಆಂಪಿಯರ್ ತೋರಿಸಿತು.

ಹಾಗಾದರೆ 230ರಿಂದ ಗುಣಿಸಿ 368 ವ್ಯಾಟ್ ಎನ್ನಬಹುದೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಒತ್ತಡವೂ ಪ್ರವಾಹವೂ ಜೊತೆಜೊತೆಗೆ ಏರಿಳಿಯದಿದ್ದರೆ, ಹೋದ ಶಕ್ತಿಯಲ್ಲಿ ಒಂದು ಪಾಲು ಕೆಲಸ ಮಾಡದೆಯೇ ಹಿಂದಿರುಗುತ್ತದೆ. ಎರಡನ್ನೂ ಬೇರೆ ಬೇರೆ ಅಳೆದು ಗುಣಿಸಿದರೆ ಆ ಪಾಲೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊದಲು ಕ್ಷಣಕ್ಷಣಕ್ಕೂ ಗುಣಿಸಬೇಕು, ಆಮೇಲೆ ಸರಾಸರಿ. ನಮ್ಮ ಬಾಲ್ಯದಲ್ಲಿ ಪಡಸಾಲೆಯ ಗೋಡೆಯ ಮೇಲೆ ಅಲ್ಯುಮಿನಿಯಮ್ ತಟ್ಟೆಯ ಮೀಟರು ಇರುತ್ತಿತ್ತಲ್ಲ, ತಟ್ಟೆಯ ಕಪ್ಪು ಗುರುತು ಸುತ್ತಿ ಬರುವುದನ್ನು ಎಣಿಸುತ್ತ ಕೂಡುತ್ತಿದ್ದೆವಲ್ಲ, ಅದು ಮಾಡುತ್ತಿದ್ದುದು ಈ ಗುಣಾಕಾರವನ್ನೇ. ಒಂದು ಸುರುಳಿ ಒತ್ತಡಕ್ಕೆ, ಇನ್ನೊಂದು ಪ್ರವಾಹಕ್ಕೆ; ಎರಡೂ ಕೂಡಿ ತಳ್ಳಿದರೆ ಮಾತ್ರ ತಟ್ಟೆಗೆ ಓಟ. ಅಕ್ಷರ ಬಾರದ ಆ ತಟ್ಟೆಯ ಮೇಲೆ ನನಗೆ ಈಗ ಗೌರವ ಬಂದಿದೆ.

"ನಮಗ ಬೇಕಾದದ್ದು ಬ್ಯಾಟರಿ ಎಷ್ಟೊತ್ತಿಗೆ ಬರಿದಾಗತೈತಿ ಅನ್ನೂದು. ಅದನ್ನ ಬ್ಯಾಟರಿ ಕಡೆ ಕೇಳೂನು ಬರ್ರಿ" ಎಂದು ಅವರು ಮೀಟರನ್ನು ಅತ್ತ ಒಯ್ದರು. ನನಗೆ ಸೋಜಿಗವಾದದ್ದು ಇಲ್ಲಿ. ಬ್ಯಾಟರಿಯಿಂದ ಹೊರಡುವ ಪ್ರವಾಹವೂ ಇನ್ವರ್ಟರಿನ ಸೆಳೆತಕ್ಕೆ ಸಿಕ್ಕಿ ನಡುಗುತ್ತಲೇ ಇರುತ್ತದೆ. ಆದರೆ ಅದರ ಒತ್ತಡ ಹೆಚ್ಚುಕಡಿಮೆ ನಿಂತಲ್ಲಿಯೇ ನಿಂತಿರುತ್ತದೆ. ಒಂದು ನಿಂತಿದ್ದರೆ ಇನ್ನೊಂದರ ಸಾದಾ ಸರಾಸರಿಯೇ ಸಾಕು. ಇಲ್ಲಿ ವರ್ಗದ ಲೆಕ್ಕ ಹಿಡಿದರೆ ಹೆಚ್ಚಾಗಿ ತೋರೀತು! ತಂತಿ ಕಾಯುವುದು ಒಂದು ಲೆಕ್ಕದಲ್ಲಿ, ಬ್ಯಾಟರಿ ಬರಿದಾಗುವುದು ಇನ್ನೊಂದರಲ್ಲಿ. ಮೀಟರು 34 ಆಂಪಿಯರ್ ಎಂದಿತು, ಎಂದರೆ 400 ವ್ಯಾಟಿಗೂ ಮಿಗಿಲು. ಇನ್ವರ್ಟರ್ ತನ್ನ ಪಾಲನ್ನೂ ತಿನ್ನಬೇಕಲ್ಲ. ಮೇಲಾಗಿ 150 ಎಂಬುದು ಬ್ಯಾಟರಿಯನ್ನು 20 ತಾಸು ನಿಧಾನವಾಗಿ ಹೀರಿದರೆ ಸಿಕ್ಕುವ ಮೊತ್ತ. ಹೀಗೆ ಗಟಗಟ ಕುಡಿದರೆ ಅಷ್ಟು ಸಿಕ್ಕುವುದಿಲ್ಲ.

ಲೆಕ್ಕ ಮೂರು ತಾಸಿನ ಒಳಗೆ ಬಂದು ನಿಂತಿತು. ಮರುದಿನ ಮಧ್ಯಾಹ್ನ, ತಂದೆಯವರು ಯಂತ್ರದ ಹಂಗಿಲ್ಲದೆ ಕಟ್ಟೆಯ ಮೇಲೆ ಕುಳಿತಿದ್ದಾಗ, ಮೇನ್ ಸ್ವಿಚ್ ಆರಿಸಿ ಗಡಿಯಾರ ನೋಡುತ್ತ ಕುಳಿತೆವು. 2 ತಾಸು 40 ನಿಮಿಷಕ್ಕೆ ಇನ್ವರ್ಟರ್ ಕೂಗಿಕೊಂಡಿತು. ಏಳು ತಾಸೆಂದು ನಂಬಿ ಮಲಗಿದ್ದರೆ ಎಂಬ ಯೋಚನೆಯನ್ನು ನಾನು ಯಾರ ಮುಂದೆಯೂ ಆಡಲಿಲ್ಲ. ತಂದೆಯವರೇ ಕಟ್ಟೆಯ ಮೇಲಿನಿಂದ, "ಏಳಂದವ್ನ ಮೂರೂ ಮುಟ್ಟಿಸಲಿಲ್ಲಲ್ಲೋ ತಮ್ಮಾ" ಎಂದು ಮೆಕ್ಯಾನಿಕರಿಗೆ ಹೇಳಿ ನಕ್ಕರು.

ಈಗ ನುಣುಪು ಅಲೆಯ ಇನ್ವರ್ಟರ್ ಬಂದಿದೆ, ಬ್ಯಾಟರಿ ಎರಡಾಗಿವೆ, ಮೂಲೆಯಲ್ಲಿ ತುಂಬಿದ ಸಿಲಿಂಡರೊಂದು ನಿಂತಿದೆ. ಅದನ್ನೂ ಗಡಿಯಾರ ಹಿಡಿದೇ ಪರೀಕ್ಷಿಸಿದೆವು. ಕರೆಂಟು ಹೋದ ಹೊತ್ತನ್ನು ಬರೆದಿಡಲು ತಾಯಿಯವರು ಬಾಗಿಲ ಹಿಂದೆ ಸುಣ್ಣದ ಕಡ್ಡಿ ಇಟ್ಟುಕೊಂಡಿದ್ದಾರೆ.