ಬಾಣದ ಗುರುತು

ಬಿಜೂರಿನ ನಮ್ಮ ಮನೆಯ ಹಿಂದಿನ ಕೆರೆಯಲ್ಲಿ ಹೈಡ್ರಿಲ್ಲಾ ಎಂಬ ನೀರುಗಿಡ ದಂಡಿಯಾಗಿ ಬೆಳೆಯುತ್ತದೆ. ಅತ್ತೆಯವರಿಗೆ ಅದು ಬರೀ ಕಳೆ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಡಿಗ್ರಿಯ ಎರಡನೇ ವರ್ಷದ ಒಂದು ಮಧ್ಯಾಹ್ನ ನೆನಪಾಗಿ ಮುಖ ಬಿಸಿಯಾಗುತ್ತದೆ.

ಅಂದು ಸಸ್ಯಶಾಸ್ತ್ರದ ಪ್ರಾಕ್ಟಿಕಲ್. ಎಲೆಯೊಂದನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಕೋಶದ ಗೋಡೆಯಂಚಿನಲ್ಲಿ ಹಸಿರು ಕಾಳುಗಳು ಒಂದರ ಹಿಂದೊಂದು ಸುತ್ತು ಬರುತ್ತಿದ್ದವು, ಕೋಟೇಶ್ವರದ ಕೊಡಿಹಬ್ಬದ ಜನರ ಹಾಗೆ! ರೆಕಾರ್ಡಿನಲ್ಲಿ ಚಿತ್ರ ಬರೆದು ಪಕ್ಕಕ್ಕೆ ಬಾಣದ ಗುರುತು ಹಾಕಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬಾಣ ಹೊಡೆದುಹಾಕಿ, "ಪುಸ್ತಕದಲ್ಲಿದ್ದಂತೆ ಬರಿಯಮ್ಮ" ಎಂದರು. ಗೆಳತಿಯರೆಲ್ಲ ನಕ್ಕರು. 1774ರಲ್ಲೇ ಇಟಲಿಯ ಕೊರ್ತಿ ಎಂಬಾತ ಇಂಥ ಓಡಾಟ ಕಂಡಿದ್ದನೆಂದು ನನಗೇನು ಗೊತ್ತು? ಗೊತ್ತಿದ್ದರೂ ಬಾಯಿ ಬಿಡುತ್ತಿದ್ದೆನೇ! ಮರುವರ್ಷ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು.

ಈಗ ಮಗಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇದೇ ಕೆಲಸದಲ್ಲಿದ್ದಾಳೆ. ಕಳೆದ ಸಲ ಹೋದಾಗ ಕತ್ತಲೆ ಕೋಣೆಯೊಂದಕ್ಕೆ ಕರೆದೊಯ್ದಳು. ಅಲ್ಲಿದ್ದದ್ದು ಕಾನ್‌ಫೋಕಲ್ ಸೂಕ್ಷ್ಮದರ್ಶಕ. ಲೇಸರ್ ಬೆಳಕು ಎಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹರಿಯುತ್ತದೆ; ಮೇಲಿನ, ಕೆಳಗಿನ ಪದರಗಳ ಬೆಳಕನ್ನು ಸೂಜಿಮೊನೆಯಷ್ಟು ಚಿಕ್ಕ ಕಿಂಡಿಯೊಂದು ತಡೆಯುತ್ತದೆ. ಹಲಸನ್ನು ಕೊಯ್ಯದೆಯೇ ಒಳಗಿನ ತೊಳೆ ಎಣಿಸಿದ ಹಾಗೆ! ಜೆಲ್ಲಿ ಮೀನಿನಿಂದ ಬಂದ, ಹಸಿರಾಗಿ ಹೊಳೆಯುವ ಪ್ರೋಟೀನೊಂದನ್ನು ಗಿಡವೇ ತಯಾರಿಸುವಂತೆ ಮಾಡಿರುತ್ತಾರೆ. ಆ ಪ್ರೋಟೀನಿನ ಕೆಲಸಕ್ಕೆ 2008ರಲ್ಲಿ ನೊಬೆಲ್ ಬಂತು.

ಪರದೆಯ ಮೇಲೆ ಹಸಿರು ಚುಕ್ಕೆಗಳು ಓಡುತ್ತಿದ್ದವು. ಗಾಲ್ಜಿ ಕಾಯಗಳಂತೆ. ನಾವು ಅವನ್ನು ಅಲುಗಾಡದ ತಟ್ಟೆಗಳ ಅಡಕಿಲಿನಂತೆ ಬರೆದು ಅಂಕ ಪಡೆದವರು! ಗಾಲ್ಜಿ 1898ರಲ್ಲಿ ಅವನ್ನು ಕಂಡದ್ದು ಸತ್ತ ನರಕೋಶಕ್ಕೆ ಬೆಳ್ಳಿಯ ಲವಣ ಹಿಡಿಸಿ. ಜೀವಂತ ತಂಬಾಕಿನ ಎಲೆಯಲ್ಲಿ ಅವು ಓಡಾಡುವುದನ್ನು ವಿಜ್ಞಾನಿಗಳು ವರದಿ ಮಾಡಿದ್ದು 1998ರಲ್ಲಿ. ನೂರು ವರ್ಷ!

"ಅಮ್ಮ, ಹಂದುದ್ ಕಂಡ್ಯಾ?" ಎಂದಳು.

ನನಗೆ ಮಾತು ಹೊರಡಲಿಲ್ಲ. "ಇನ್ನೂ ಸ್ವಲ್ಪ ಬೆಳಕು ಕೊಡೇ, ಮಸುಕಾಗಿದೆ" ಎಂದಷ್ಟೇ ಅಂದೆ. ಅವಳು ಕೊಡಲಿಲ್ಲ. ಬೆಳಕು ಹೆಚ್ಚಾದರೆ ಕೋಶ ಬಾಡಿ ಸಾಯುತ್ತದಂತೆ. ಜೀವ ಉಳಿಯಬೇಕಾದರೆ ಚಿತ್ರ ಮಸುಕಾದರೂ ಒಪ್ಪಿಕೊಳ್ಳಬೇಕಂತೆ. ಇದನ್ನು ಮಾತ್ರ ಯಾವ ಪಾಠದಲ್ಲೂ ಕೇಳಿರಲಿಲ್ಲ.

ಹೊರಡುವಾಗ ಅವಳು ಹಳೆಯದೊಂದು ಸಣ್ಣ ಸೂಕ್ಷ್ಮದರ್ಶಕವನ್ನು ಸೀರೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. ಊರಿಗೆ ಬಂದ ಮರುದಿನ ಕೆರೆಗಿಳಿದೆ. "ಕಸ ಎಂತಕ್ಕೆ ಒಳಗೆ ತಂದದ್ದು?" ಎಂದು ಅತ್ತೆ ಗೊಣಗಿದರು. ಕಿಟಕಿಯ ಬಿಸಿಲಿಗಿಟ್ಟು ಇಣುಕಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಹಸಿರು ಕಾಳು ಅಲುಗಿತು. ಅದರ ಹಿಂದೆ ಇನ್ನೊಂದು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದೆ. ಬಾಣ ಸ್ವಲ್ಪ ದೊಡ್ಡದೇ ಆಯಿತು.