ಮೂರು ಪ್ಲೇಟು ಹೆಚ್ಚಾದಾಗ

ನಮ್ಮ ಮನೆಯಲ್ಲೊಂದು ಹಳೆಯ ಮಹೀಂದ್ರ ಪಿಕಪ್ ಜೀಪು ಇತ್ತು. ಅದರ ಹಿಂಬದಿಯ ಸ್ಪ್ರಿಂಗ್ ಪ್ಲೇಟುಗಳು ವರ್ಷಗಟ್ಟಲೆ ಭಾರ ಹೊತ್ತು ಬಾಗು ಕಳೆದುಕೊಂಡಿದ್ದವು. ಹಂಚು ತುಂಬಿದರೆ ಸಾಕು, ಹಿಂಭಾಗ ಕುಳಿತು ಮೂತಿ ಆಕಾಶ ನೋಡುತ್ತಿತ್ತು.

1994ರ ಮಳೆಗಾಲಕ್ಕೆ ಮುಂಚೆ ಅಪ್ಪನಿಗೊಂದು ಉಪಾಯ ಹೊಳೆಯಿತು. ಈಗಿರುವ ಆರು ಪ್ಲೇಟುಗಳ ಜತೆ ಬದಿಗೆ ಮೂರರಂತೆ ಹೊಸತು ಸೇರಿಸಿದರೆ ನಾನೂರು ಹಂಚನ್ನು ಒಂದೇ ಸಲ ತರಬಹುದು! ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ನಾನೂರೆಂದರೆ ಸುಮಾರು ಒಂದು ಟನ್ನು. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ನಾನು ಹುರುಪಿನಿಂದ ಲೆಕ್ಕ ಹಾಕಿಕೊಟ್ಟೆ. ಒಂದೇ ದಪ್ಪದ ಪ್ಲೇಟು ಆರರ ಬದಲು ಒಂಬತ್ತಾದರೆ ಬಿಗಿತ ಸುಮಾರು ಒಂದೂವರೆ ಪಟ್ಟು. ದಪ್ಪವನ್ನೇ ಇಮ್ಮಡಿ ಮಾಡಿದರೆ ಒಂದೊಂದು ಪ್ಲೇಟಿನ ಬಿಗಿತ ಎಂಟು ಪಟ್ಟು! ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನನಗೆ ಬಾಯಿಪಾಠವಾಗಿತ್ತು. ಲೆಕ್ಕವೇನೋ ಸರಿಯಾಗಿಯೇ ಇತ್ತು. ನಾನು ಮರೆತದ್ದು ಖಾಲಿ ಜೀಪನ್ನು.

ಹಂಚು ಇಳಿಸಿ ಬರುವಾಗ ಜೀಪು ಮೇಕೆಮರಿಯಂತೆ ಹಾರುತ್ತಿತ್ತು. ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ ಬಾವುಟಗುಡ್ಡೆಯ ಇಳಿಜಾರಿನಲ್ಲಿ ಅಪ್ಪ ಬ್ರೇಕು ಒತ್ತಿದರು. ಹೊಂಡಕ್ಕೆ ಬಿದ್ದ ಹಿಂದಿನ ಗಾಲಿ ನೆಲ ಬಿಟ್ಟು ಜಿಗಿದು, ಜೀಪು ಅಡ್ಡಲಾಗಿ ಜಾರಿ ಚರಂಡಿಯ ಅಂಚಿನಲ್ಲಿ ನಿಂತಿತು. ಎರಡು ಮಾರು ದೂರದಲ್ಲಿ ಕೊಡೆ ಹಿಡಿದ ಶಾಲೆಯ ಹುಡುಗಿಯೊಬ್ಬಳು ಕಲ್ಲಿನಂತೆ ನಿಂತಿದ್ದಳು. ಮನೆ ತಲಪುವವರೆಗೆ ಅಪ್ಪ ಒಂದು ಮಾತೂ ಆಡಲಿಲ್ಲ.

ಮರುದಿನ ಬಂದರಿನ ಬಳಿಯ ಮುದುಕ ಮೆಕ್ಯಾನಿಕರ ಬಳಿಗೆ ಹೋದೆವು. ಅವರು ಜೀಪಿನಡಿಗೆ ನುಸುಳಿ ನೋಡಿ, ಕೈ ಒರೆಸುತ್ತಾ ಹೊರಬಂದರು. "ಪ್ಲೇಟು ಎಷ್ಟು ಬೇಕಾದರೂ ಹಾಕಬಹುದು ಮಾರಾಯ್ರೆ. ಆದರೆ ಬ್ರೇಕಿಗೆ, ಆಕ್ಸಲಿಗೆ ಪ್ಲೇಟು ಹಾಕುವವರು ಯಾರು?"

ಮೂರರಲ್ಲಿ ಎರಡನ್ನು ಅವರು ಬಿಚ್ಚಿಸಿದರು. ಹಳೆಯ ಪ್ಲೇಟುಗಳನ್ನು ಬೆಂಕಿಗೆ ತೋರಿಸದೆ, ಅಡಿಗಲ್ಲಿನ ಮೇಲೆ ತಣ್ಣಗೇ ಬಡಿದು ಬಾಗು ತಂದರು. ಕೆಂಪಗೆ ಕಾಸಿದರೆ ಉಕ್ಕಿನ ಹದ ಹೋಗುತ್ತದೆಯಂತೆ. ಮತ್ತೆ ಹದ ಕೊಡುವ ಕುಲುಮೆ ಅವರಲ್ಲಿರಲಿಲ್ಲ. ಕಡಲ ಗಾಳಿಗೆ ಪ್ಲೇಟುಗಳ ನಡುವೆ ಕಟ್ಟಿದ್ದ ತುಕ್ಕನ್ನು ಉಜ್ಜಿ ತೆಗೆದು ಗ್ರಾಫೈಟ್ ಗ್ರೀಸು ಬಳಿದರು, ಸವೆದ ಬುಷ್‌ಗಳನ್ನು ಬದಲಿಸಿದರು. ಯು-ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೆಂದು ಎರಡೆರಡು ಸಲ ಹೇಳಿದರು. (ಆ ಕೆಲಸ ನನ್ನ ಪಾಲಿಗೆ ಬಂತು.)

ಮುಂದಿನ ವಾರ ಹಂಚಿನ ಕಾರ್ಖಾನೆಯಲ್ಲಿ ಆಳುಗಳು ಎಂದಿನಂತೆ ತುಂಬತೊಡಗಿದರು. ಆರ್.ಸಿ. ಪುಸ್ತಕವನ್ನು ಕೈಯಲ್ಲಿ ಹಿಡಿದು ನಿಂತಿದ್ದ ಅಪ್ಪ, ಇನ್ನೂರೈವತ್ತಕ್ಕೆ ಕೈ ಅಡ್ಡ ಹಿಡಿದರು.

"ಇನ್ನೂ ಜಾಗ ಉಂಟಲ್ಲ ಧನಿ?"

"ಜಾಗ ಉಂಟು. ಉಳಿದದ್ದಕ್ಕೆ ಇನ್ನೊಮ್ಮೆ ಬರ್ತೇವೆ."