ಯಾವ ತಂತಿ ಎಲ್ಲಿಗೆ?

ಊರು ಬಿಟ್ಟು ಬಂದವರ ಸಂಸಾರದಲ್ಲಿ ಮನೆ ಬದಲಾಯಿಸುವುದು ಹಬ್ಬ ಹುಣ್ಣಿಮೆಗಳಷ್ಟೇ ಸಹಜ. ಪಾತ್ರೆ ಪಡಗ, ದೇವರ ಪೆಟ್ಟಿಗೆ, ಹಾಸಿಗೆ ಸುರುಳಿ ಎಲ್ಲವೂ ಸಂಜೆಯೊಳಗೆ ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಕಂಪ್ಯೂಟರು ಮಾತ್ರ ಹಳೆಯ ಸೀರೆ ಹೊದ್ದು ಮೂಲೆಯಲ್ಲಿ ಕುಳಿತಿರುತ್ತದೆ. ಬಿಚ್ಚುವುದಕ್ಕೆ ಐದು ನಿಮಿಷ ಸಾಕು. ಮತ್ತೆ ಕೂಡಿಸುವುದಕ್ಕೆ ‘ಗೊತ್ತಿದ್ದ ಹುಡುಗ’ ಬರಬೇಕು. ನಮ್ಮ ಪಾಲಿನ ಗೊತ್ತಿದ್ದ ಹುಡುಗನೆಂದರೆ ನಮ್ಮ ಮಗ. ಅವನು ಅಮೆರಿಕೆಗೆ ಹೋಗಿ ವರ್ಷಗಳೇ ಆದವು.

ಕೋಠಿಯ ನಮ್ಮ ಮನೆಯಲ್ಲಿ ಆ ಯಂತ್ರ ಸುಮ್ಮನೆ ಕುಳಿತರೆ ಆಗುವ ನಷ್ಟ ಸಣ್ಣದಲ್ಲ. ಇಲ್ಲಿ ಭಾನುವಾರ ಬೆಳಿಗ್ಗೆ, ಅಲ್ಲಿ ಶನಿವಾರ ಸಂಜೆ, ಮೊಮ್ಮಗಳು ಆ ಪರದೆಯ ಮೇಲೆ ಅಜ್ಜಿಯಿಂದ ಕನ್ನಡ ಕಲಿಯುತ್ತಾಳೆ. ಅಂಗೈಯಗಲದ ಮೊಬೈಲಿನಲ್ಲಿ ಒತ್ತಕ್ಷರ ಅಜ್ಜಿಯ ಕಣ್ಣಿಗೂ ನಿಲುಕದು, ಮಗುವಿಗೂ ನಿಲುಕದು. ಎರಡು ಭಾನುವಾರ ತಪ್ಪಿತೆಂದರೆ ‘ಳ’ಕಾರ ಮತ್ತೆ ‘ಲ’ಕಾರವಾಗುತ್ತದೆ. ಆದಕಾರಣ ನಾವಿಬ್ಬರೂ ಆ ತಂತಿಗಳ ವಿದ್ಯೆಯನ್ನು ಕಲಿಯಲು ಕುಳಿತೆವು. ಕಲಿತದ್ದನ್ನು ಬಂಧುಗಳ ಮುಂದಿಡುತ್ತಿದ್ದೇವೆ.

ಹೈದರಾಬಾದಿನ ಕನ್ನಡಿಗರಿಗೆ ಇದು ತೀರ ಹೊಸ ವಿದ್ಯೆಯಲ್ಲ. ಇಲ್ಲಿಯ ಬೋರ್ಡುಗಳನ್ನು ಓದುವಾಗ ನಾವು ಮಾಡುವುದೇನು? ತೆಲುಗು ಅಕ್ಷರ ದೂರದಿಂದ ಕನ್ನಡದಂತೆಯೇ ಕಾಣುತ್ತದೆ. ಹತ್ತಿರ ಹೋದರೆ ತಲೆಕಟ್ಟು ಗುಟ್ಟು ಬಿಟ್ಟುಕೊಡುತ್ತದೆ: ತೆಲುಗಿನದು ಮೇಷ್ಟರು ಹಾಕುವ ಸರಿ ಗುರುತಿನಂತೆ ಮೇಲೇಳುತ್ತದೆ, ನಮ್ಮದು ಅಡ್ಡ ಗೆರೆಯಾಗಿ ಬಲಕ್ಕೆ ಚಾಚುತ್ತದೆ. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿಯೂ 1991ರಿಂದ ಈ ಎರಡು ಲಿಪಿಗಳದು ಪಕ್ಕಪಕ್ಕದ ಮನೆ. ಹೋಲುವ ಎರಡರ ನಡುವೆ ಸಣ್ಣ ಭೇದವನ್ನು ಹುಡುಕುವ ಈ ಕಣ್ಣೇ ಸಿಪಿಯು ಡಬ್ಬದ ಹಿಂಬದಿಗೂ ಸಾಕು.

ಮಾನಿಟರಿನ ತಂತಿಯನ್ನೇ ನೋಡಿ. ಹಳೆಯದು ವಿಜಿಎ, 1987ರಲ್ಲಿ ಬಂದದ್ದು: ಸಾಮಾನ್ಯವಾಗಿ ನೀಲಿ ಬಣ್ಣ, ಮೂರು ಸಾಲಿನಲ್ಲಿ 15 ಸೂಜಿಯ ಜಾಗ, ಎರಡು ಬದಿಗೆ ತಿರುಪು. ಅದನ್ನು ಗುರುತಿಸುವುದು ಸುಲಭ. ಕಷ್ಟವಿರುವುದು 2002ರ ಎಚ್‌ಡಿಎಂಐ ಮತ್ತು 2006ರ ಡಿಸ್‌ಪ್ಲೇಪೋರ್ಟ್‌ಗಳಲ್ಲಿ. ಇವು ದಾಯಾದಿಗಳಂತೆ ಒಂದೇ ಮುಖದವು. ಎಚ್‌ಡಿಎಂಐಗೆ ಒಂದೇ ಮಗ್ಗುಲಿನ ಎರಡೂ ಮೂಲೆ ಸವೆದಂತಿರುತ್ತದೆ. ಡಿಸ್‌ಪ್ಲೇಪೋರ್ಟ್‌ಗೆ ಒಂದೇ ಮೂಲೆ. ಎರಡನೆಯದರ ತಂತಿಯ ತುದಿಯಲ್ಲಿ ಅನೇಕ ವೇಳೆ ಚಿಕ್ಕ ಗುಂಡಿಯಿರುತ್ತದೆ. ತೆಗೆಯುವಾಗ ಅದನ್ನು ಒತ್ತದೆ ಎಳೆದರೆ ಕಿಂಡಿಯೇ ಹಾಳಾದೀತು.

ಮಾನಿಟರಿಗೆ ಡಬ್ಬದಲ್ಲಿ ಎರಡು ಕಡೆ ಕಿಂಡಿ ಕಂಡರೆ ಗಾಬರಿಯಾಗಬೇಡಿ. ನಿಂತ ಡಬ್ಬದಲ್ಲಿ ಸಾಮಾನ್ಯವಾಗಿ ಕೆಳಗೆ ಬೇರೆಯಾಗಿ ಅಡ್ಡಲಾಗಿರುವ ಸಾಲು ಗ್ರಾಫಿಕ್ಸ್ ಕಾರ್ಡಿನದು. ಅದಿದ್ದರೆ ಮಾನಿಟರಿನ ತಂತಿ ಅಲ್ಲಿಗೇ ಹೋಗಬೇಕು. ಮೇಲಿನದಕ್ಕೆ ಹಾಕಿದರೆ ಯಂತ್ರ ಓಡುತ್ತಿದ್ದರೂ ಪರದೆ ಕತ್ತಲಾಗಿಯೇ ಇರುವುದುಂಟು.

ಕೆಲವು ಕಡೆ ಆಕಾರ ನೆರವಾಗದು, ಬಣ್ಣ ನೋಡಬೇಕು. ಹಳೆಯ ಯಂತ್ರಗಳಲ್ಲಿ ಎರಡು ದುಂಡು ಕಿಂಡಿಗಳಿರುತ್ತವೆ: ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಶಬ್ದದ ಚಿಕ್ಕ ತೂತುಗಳಲ್ಲಿ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ. ಅಜ್ಜಿಯ ದನಿ ಅಮೆರಿಕೆಯನ್ನು ಮುಟ್ಟದಿದ್ದರೆ ಮೊದಲು ಈ ಗುಲಾಬಿಯನ್ನೇ ನೋಡಬೇಕು. ಯುಎಸ್‌ಬಿಯ ಚಪ್ಪಟೆ ಕಿಂಡಿಯೊಳಗೆ ನೀಲಿ ನಾಲಿಗೆ ಕಂಡರೆ ಸಾಮಾನ್ಯವಾಗಿ ಅದು 2008ರಿಂದ ಬಂದ ಹೆಚ್ಚು ವೇಗದ ಜಾತಿ. ಮೌಸಿಗೆ ಯಾವುದಾದರೂ ನಡೆಯುತ್ತದೆ. ಇಂಟರ್‌ನೆಟ್ಟಿನ ತಂತಿ ಎಂಟು ಎಳೆಗಳದು, ‘ಟಕ್’ ಎಂದು ಕೂರುತ್ತದೆ. ಟೆಲಿಫೋನಿನ ಕಿರಿದಾದ ತುದಿಯೂ ಆ ಕಿಂಡಿಯಲ್ಲಿ ತೂರುತ್ತದೆ, ಆದರೆ ಪ್ರಯೋಜನವಿಲ್ಲ.

ಕರೆಂಟಿನ ತಂತಿ ಎಲ್ಲಕ್ಕಿಂತ ಕೊನೆಗೆ. ಅದರ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಉದ್ದವೂ ದಪ್ಪವೂ ಆದದ್ದು ಅರ್ತಿನದು. ಮಿಕ್ಕವುಗಳಿಗಿಂತ ಮೊದಲು ತಾಗಲೆಂದೇ ಅದು ಉದ್ದವಾಗಿದೆ. ಅದನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ತುರುಕುವ ಜಾಣತನ ಯಾರೂ ಮಾಡಬಾರದು. ಎಲ್ಲ ತಂತಿಗಳಿಗೂ ಒಂದೇ ಮಾತು: ಸರಿಯಾದ ಜಾಗವಾದರೆ ಮೆತ್ತಗೆ ಹೋಗುತ್ತದೆ. ಹೋಗದಿದ್ದರೆ ತಿರುಗಿಸಿ ನೋಡಿ, ಮತ್ತೆ ಕಿಂಡಿಯನ್ನು ನೋಡಿ, ಬಲ ಬೇಡ.

ತಂತಿ ಕಳೆದುಹೋದರೆ ನಮಗೆ ಕೋಠಿಯ ಗುಜರಾತಿ ಗಲ್ಲಿಯಿದೆ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಆ ಕಿರಿದಾದ ಗಲ್ಲಿಯಲ್ಲಿ ಅಂಗಡಿಯವನು ತಲೆಯೆತ್ತದೆ ಕೇಳುವುದು ಒಂದೇ ಪ್ರಶ್ನೆ: “ಕೌನ್‌ಸಾ ಹೋನಾ?” ಹೆಸರು ಬಾರದಿದ್ದರೂ ಚಿಂತೆಯಿಲ್ಲ. ಡಬ್ಬದ ಹಿಂಬದಿಯದೂ ಮಾನಿಟರಿನದೂ ಚಿತ್ರ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿದರಾಯಿತು. ಎರಡನ್ನೂ ತೋರಿಸಬೇಕು, ತಂತಿಗೆ ತುದಿಗಳು ಎರಡು, ಅವು ಒಂದೇ ಬಗೆಯವಾಗಿರಬೇಕೆಂದಿಲ್ಲ.

ಇಷ್ಟಾದರೂ ನೆನಪನ್ನು ನಂಬುವ ವಯಸ್ಸು ನಮ್ಮದಲ್ಲ. ನಮ್ಮ ಮನೆಯವರು ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಪ್ರತಿ ತಂತಿಗೂ ಎರಡು ತುದಿಗೆ ಚೀಟಿ ಕಟ್ಟಿದ್ದಾರೆ: ‘ಪರದೆ’, ‘ಮಾತು’, ‘ಇಂಟರ್‌ನೆಟ್’, ‘ಕರೆಂಟು, ಕೊನೆಗೆ’. ಡಬ್ಬದ ಮೇಲೂ ಆಯಾ ಕಿಂಡಿಯ ಪಕ್ಕದಲ್ಲಿ ಅದೇ ಮಾತು ಬರೆದ ಚೂರು ಕಾಗದವನ್ನು ಅಂಟಿಸಿದ್ದಾರೆ. ಇಂಗ್ಲಿಷ್ ಓದಲು ಬಾರದ ಅವರಿಗೆ ಈಗ ಹುಡುಗನೂ ಬೇಕಿಲ್ಲ, ನಾವೂ ಬೇಕಿಲ್ಲ.

ಬಂಧುಗಳು ಮುಂದಿನ ಸಲ ಮನೆ ಬದಲಾಯಿಸುವಾಗ ಲಾರಿ ಬರುವ ಹಿಂದಿನ ದಿನವೇ ಚೀಟಿ ಕಟ್ಟಿಡಲಿ. ಅಕ್ಷರ ಕನ್ನಡದ್ದೇ ಇರಲಿ. ಮಕ್ಕಳು ದೂರವಿರುವ ಮನೆಗಳಲ್ಲಿ ಅದನ್ನು ಓದಬೇಕಾದವರು ನಾವೇ ತಾನೆ!